ನೀರು ಚಿಮುಕಿಸಿದ ನೆಲ

ವಿಜಯವಾಡದ ಆಟೋನಗರದಲ್ಲಿ ದುರ್ಗಾಪ್ರಸಾದರ ಸಣ್ಣ ಕಾರ್ಖಾನೆ. ಮನೆಯ ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರು ಅಲ್ಲಿ ತಯಾರಾಗುತ್ತಿತ್ತು. ಪರೀಕ್ಷಿಸುವ ಕೆಲಸ ಸುಲೋಚನಾಳದು. ಧೂಳು ಏಳದಿರಲೆಂದು ನೀರು ಚಿಮುಕಿಸಿ ಕಸ ಗುಡಿಸುವ ಹೆಂಗಸರು, ಯಂತ್ರ ಬಂತೆಂದು ಅಭ್ಯಾಸ ಬಿಡುತ್ತಾರೆಯೇ? ಅದಕ್ಕೇ ಪ್ರತಿ ಯಂತ್ರಕ್ಕೂ ಒಂದು ಲೋಟ ನೀರು ಕುಡಿಸಿ ನೋಡುತ್ತಿದ್ದಳು. ಎಳೆದ ಒದ್ದೆ ಗಾಳಿ ಮೋಟಾರಿನತ್ತ ಸುಳಿಯದಂತೆ ಬೇರೆ ದಾರಿ ಮಾಡಿದ್ದರಿಂದ ಏನೂ ಆಗುತ್ತಿರಲಿಲ್ಲ.

ತೊಂಬತ್ತಮೂರರಲ್ಲಿ ಹೊರದೇಶದ ಯಂತ್ರಗಳು ಹಡಗಿನಲ್ಲಿ ಬಂದವು.

"ಇನ್ನು ಮೋಟಾರ್ ಸುತ್ತೋ ತಲೆನೋವಿಲ್ಲಮ್ಮಾ," ಎಂದರು ದುರ್ಗಾಪ್ರಸಾದ್. "ನಮ್ಮ ಹೆಸರು ಅಂಟಿಸಿದರೆ ಮುಗೀತು. ಫಾರಿನ್ನವರು ಮಾಡಿದ್ದಕ್ಕೆ ನೀವೇನು ಪರೀಕ್ಷೆ ಮಾಡೋದು?"

ಸುಲೋಚನಾ ನಕ್ಕು ನೀರಿನ ಲೋಟ ಎತ್ತಿಟ್ಟಳು. ಮೊದಲು ಬಂದವುಗಳಲ್ಲಿ ಒಂದನ್ನು ವಿಶಾಖಪಟ್ಟಣದಲ್ಲಿದ್ದ ಅತ್ತೆ ರಾಜ್ಯಲಕ್ಷ್ಮಿಗೆ ಕಳಿಸಿದಳು. ಬೆನ್ನು ಬಗ್ಗದ ಜೀವ, ಸ್ವಲ್ಪ ಸುಖವಾಗಿರಲಿ ಎಂದು.

ವಾರದ ಮೇಲೆ ಕೈ ಸುಮ್ಮನಿರದೆ ಹೊಸದೊಂದಕ್ಕೆ ನೀರು ಕುಡಿಸಿದಳು. ತಗಡಿನ ಮೈಗೆ ಟೆಸ್ಟರ್ ಮುಟ್ಟಿಸಿದಳು. ದೀಪ ಹತ್ತಿತು. ಇನ್ನೊಂದನ್ನು ನೋಡಿದಳು. ಅದರಲ್ಲೂ ಹತ್ತಿತು.

ಆಫೀಸಿಗೆ ಓಡಿ ವಿಶಾಖಪಟ್ಟಣಕ್ಕೆ ಫೋನ್ ಹಚ್ಚಿದಳು. ಅತ್ತೆಯ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯ ಭ್ರಮರಾಂಬ ಎತ್ತಿದರು.

"ಅತ್ತೆ ಏನ್ಮಾಡ್ತಿದ್ದಾರೆ?"

"ಸುಲೋಚನಾನಾ? ಇಲ್ಲಿಗೇ ಕೇಳ್ತಿದೆ ನೋಡಮ್ಮಾಯಿ, ನೀನು ಕಳಿಸಿದ ಭೂತ."

ಗೋಡೆಯಾಚೆಯ ಗುಂಯ್ ಸದ್ದು ತಂತಿಯಲ್ಲಿ ಹಾದು ಬಂತು.

"ನೆಲಕ್ಕೆ ನೀರು ಹಾಕಿದ್ದಾರಾ?"

"ಹಾಕದೆ? ಒಣನೆಲ ಗುಡಿಸೋಕೆ ಅವರೇನು ದೊರೆಸಾನಿನಾ? ನಿನ್ನೆ ನಾನೂ ಹಿಡಿದು ನೋಡಿದೆ, ಕೈಯೆಲ್ಲ ಜುಮ್ ಅಂತು. ಫಾರಿನ್ ಸಾಮಾನು ಹಾಗೇ ಅಂತೆ. ಮೊಣಕೈ ನೋವಿಗೂ ಒಳ್ಳೇದು ಅಂತಾರೆ ನಿಮ್ಮತ್ತೆ."

"ಭ್ರಮರಾಂಬಗಾರೂ, ಅದು ಕರೆಂಟು. ಅವರನ್ನ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ."

ರಿಸೀವರ್ ಮೇಜಿನ ಮೇಲೆ ಬಿದ್ದಿತು. ಓಡುವ ಹೆಜ್ಜೆ, ಬಾಗಿಲು, ಒಂದು ಕೂಗು. ಗುಂಯ್ ಸದ್ದು ಇನ್ನೂ ಇತ್ತು. ಆಮೇಲೆ ನಿಂತಿತು.

ಫೋನಿಗೆ ಯಾರೂ ಬರಲಿಲ್ಲ. "ಅತ್ತೆ," ಎಂದಳು ಸುಲೋಚನಾ ಖಾಲಿ ತಂತಿಗೆ. ಮತ್ತೆ ಎಂದಳು.

"ಏನೇ ಇದು, ನಡುಮನೆ ಗುಡಿಸೋದು ಅರ್ಧಕ್ಕೇ ನಿಂತಿತು. ಇವಳು ನೋಡಿದರೆ ಅಳ್ತಾ ಕೂತಿದ್ದಾಳೆ." ಅತ್ತೆಯ ದನಿ.

ಸುಲೋಚನಾ ವಿಷಯ ಹೇಳಿದಳು.

"ವಾರದಿಂದ ಹಿಡೀತಿದ್ದೆನಲ್ಲೇ," ಎಂದರು ಅತ್ತೆ, ಮೆಲ್ಲಗೆ.

ಸುಲೋಚನಾ ಫೋನಿಟ್ಟಳು. ದುರ್ಗಾಪ್ರಸಾದ್ ಬಾಗಿಲಲ್ಲಿ ನಿಂತಿದ್ದರು.

"ಏನಮ್ಮಾ, ಮನೇಲಿ ಎಲ್ಲಾ ಕ್ಷೇಮನಾ?"

"ಬೆಳಿಗ್ಗೆ ಹೊಸ ಯಂತ್ರದ ಲಾರಿ ಎಲ್ಲಿಗೆ ಹೋಯ್ತು ಸಾರ್?"

"ಒನ್ ಟೌನ್ ಪೇಟೆಗೆ. ಅಂಗಡಿಯವರು ಮುಗಿಬಿದ್ದು ಇಳಿಸಿಕೊಂಡರು."

"ಅವರ ನಂಬರುಗಳನ್ನ ಹೇಳಿ," ಎಂದು ಸುಲೋಚನಾ ಮತ್ತೆ ರಿಸೀವರ್ ಎತ್ತಿದಳು.