ಧನಪಾಲ ಕಾಕಾರ ಮೌನ

ಧನಪಾಲ ಕಾಕಾ ಮೌನವ್ರತ ಹಿಡಿದಿದ್ದಾರೆ ಎಂಬ ಸುದ್ದಿ ಸಾಂಗಲಿಯ ಅರಿಶಿನ ಪೇಟೆಯಲ್ಲೆಲ್ಲ ಹಬ್ಬಿತ್ತು. ಹಬ್ಬಿಸಿದವರು ಅವರ ಹೆಂಡತಿ ಕಮಲಾಬಾಯಿಯೇ. ಒಂದು ಮಾತಿಗೆ ಹತ್ತು ಮಾತಾಡುತ್ತಿದ್ದ ಗಂಡ ಕರೆದರೂ ಓ ಎನ್ನದೆ ಗೋಡೆ ನೋಡುತ್ತ ಕೂತರೆ ಬೇರೆಯವರು ಡಾಕ್ಟರ ಹತ್ತಿರ ಓಡುತ್ತಿದ್ದರು. ಈ ಜೈನರ ಮನೆಯಲ್ಲಿ ಅದು ವ್ರತವಾಯಿತು. ಬಸದಿಯಲ್ಲಿ ಜನ ಕಾಕಾರ ಕಾಲು ಮುಟ್ಟಿ ನಮಸ್ಕರಿಸತೊಡಗಿದರು. ಕಾಲು ಮುಟ್ಟಿಸಿಕೊಂಡ ಮೇಲೆ, ಇದು ವ್ರತವಲ್ಲ, ಕಿವಿಯ ರೋಗ ಎಂದು ಹೇಳುವ ಧೈರ್ಯ ಯಾರಿಗಿರುತ್ತದೆ?

ಹೆಂಡತಿಗೆ ಮೊದಲೊಮ್ಮೆ ಹೇಳಿ ನೋಡಿದ್ದರು. ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಮತ್ತೆ ಬಾಯಿ ಬಿಟ್ಟದ್ದು ಅಣ್ಣನ ಮಗಳು ಮೃಣಾಲಳ ಮುಂದೆ, ಅದೂ ಆಕಸ್ಮಿಕವಾಗಿ.

ಮೃಣಾಲ ಮಿರಜದಲ್ಲಿ ಒಂದು ಕೋಣೆ ಹಿಡಿದು ನಾಟಕಗಳಿಗೆ, ಜಾಹೀರಾತುಗಳಿಗೆ ಸದ್ದು ತಯಾರಿಸುತ್ತಾಳೆ. ಗಾಳಿ ಬೇಕೆಂದವರಿಗೆ ಗಾಳಿ, ದೆವ್ವ ಬೇಕೆಂದವರಿಗೆ ದೆವ್ವ. ಅವಳ ಮಾಡ್ಯುಲರ್ ಸಿಂಥಸೈಸರ್ ಎಂದರೆ ಗುಂಡಿಗಳು, ವೈರುಗಳು ತುಂಬಿದ ಒಂದು ಪೆಟ್ಟಿಗೆ. ಮನೆಯವರು ಅದಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಹೆಸರಿಟ್ಟಿದ್ದರು. ಅಂದು ಅವಳು ಆ ಪೆಟ್ಟಿಗೆಗೆ ಸೇರಿಸುವ ಹೊಸ ಬಿಡಿಭಾಗ, ಮಾಡ್ಯೂಲ್ ಒಂದನ್ನು ಪರೀಕ್ಷಿಸುತ್ತಿದ್ದಳು. ಅದರ ಅರ್ಧ ಡಿಸ್ಟಾರ್ಷನ್, ನಯವಾದ ಸದ್ದನ್ನು ಒಡೆದು ಒರಟು ಮಾಡುವುದು. ಇನ್ನರ್ಧ ಫಿಲ್ಟರ್, ಒಡೆದದ್ದನ್ನು ಜರಡಿ ಹಿಡಿದು ಬೇಕಾದಷ್ಟನ್ನೇ ಬಿಡುವುದು. ನಿಂಬೆಹಣ್ಣು ಕೊಟ್ಟುಹೋಗಲು ಬಂದ ಕಾಕಾ ಬಾಗಿಲಲ್ಲೇ ನಿಂತುಬಿಟ್ಟರು.

"ಮೃಣಾ, ಇಂಥಾದ್ದ ಒಂದು ನನ್ನ ಕಿವ್ಯಾಗ ಐತಿ," ಎಂದರು.

ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದರು. ವರ್ಷಗಟ್ಟಲೆ ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿನ ಪಕ್ಕದಲ್ಲಿ ನಿಂತು ವ್ಯಾಪಾರ ಮಾಡಿದವರು. ಕಳೆದ ಮಳೆಗಾಲದಲ್ಲಿ ಒಂದು ದಿನ ಡ್ರಮ್ ನಿಂತರೂ ಸದ್ದು ನಿಲ್ಲಲಿಲ್ಲ. ನರ ಸವೆದಿದೆ, ಔಷಧಿಯಿಲ್ಲ, ರೂಢಿ ಮಾಡಿಕೊಳ್ಳಿ ಎಂದು ಕಿವಿಯ ಡಾಕ್ಟರು ಕೈಚೆಲ್ಲಿದ್ದರು. ಸಾಮಾಯಿಕದ ಧ್ಯಾನಕ್ಕೆ ಕಣ್ಣು ಮುಚ್ಚಿ ಕೂತರೆ ಡ್ರಮ್ ಇನ್ನೂ ಜೋರಾಗುತ್ತದೆ.

"ಮನ್ಯಾಗ ಎಲ್ಲಾ ಶಾಂತ ಐತಲ್ರಿ, ಎಲ್ಲಿ ಸಪ್ಪಳ ಅಂತಾಳ ನಿಮ್ಮ ಕಾಕು. ಒಮ್ಮೆ ಆಕಿಗೆ ಕೇಳಸ್ಬೇಕು ನೋಡ, ಹುಬೇಹುಬ, ಇದ್ದದ್ದ ಇದ್ದಂಗ. ಮಾಡ್ತಿ ಏನು?"

"ಮಾಡ್ತೇನ್ರಿ ಕಾಕಾ." ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. "ಒಮ್ಮೆ ಸಿಕ್ತಂದ್ರ ಅದರ ಉಲ್ಟಾ ಆವಾಜ ಮಾಡಿ ಕ್ಯಾನ್ಸಲ್ ಮಾಡೂಣ್ರಿ."

ಹೊರಗಿನಿಂದ ಬರುವ ಸದ್ದನ್ನು ಹೆಡ್‌ಫೋನುಗಳು ಹಾಗೆ ಅಳಿಸುತ್ತವೆ, ನಿಜ. ನರದೊಳಗಿನದನ್ನು ಯಾವ ಯಂತ್ರ ಅಳಿಸುತ್ತದೆ? ಮೃಣಾಲಳಿಗೆ ಇದು ತಿಳಿಯದ್ದಲ್ಲ. ಆದರೆ ಕಾಕಾರ ಮುಖ ಅರಳಿದ್ದನ್ನು ಕಂಡ ಮೇಲೆ ತನ್ನ ಮಾತನ್ನು ತಾನೇ ನಂಬಿಬಿಟ್ಟಳು. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತ ಹೀಗೇ ಶುರುವಾಗುತ್ತದೆ.

ಅಂದಿನಿಂದ ಕಾಕಾ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಮಿರಜಕ್ಕೆ ಬರತೊಡಗಿದರು. ಅವಳು ಬರಿಯ ಭುಸ್ ಎನ್ನುವ ಸದ್ದನ್ನು ಮಾಡ್ಯೂಲಿಗೆ ಕೊಟ್ಟು ಡಿಸ್ಟಾರ್ಷನ್ ಏರಿಸುವಳು. "ಅಷ್ಟ ಒರಟ ಅಲ್ಲ," ಎನ್ನುವರು. ಫಿಲ್ಟರ್ ಮುಚ್ಚಿದರೆ, "ಈಗ ಬಾವ್ಯಾಗ ಬಿದ್ದಂಗಾತು." ತೆರೆದರೆ, "ಈಗ ಎಣ್ಣ್ಯಾಗ ಮೆಣಸಿನಕಾಯಿ ಬಿದ್ದಂಗಾತು." ಅರಿಶಿನದ ಕೊಂಬು ಮುರಿದು ಬಣ್ಣ ನೋಡಿ ದರ ಹೇಳುತ್ತಿದ್ದ ಮನುಷ್ಯ ಈಗ ಸದ್ದನ್ನೂ ಹಾಗೆಯೇ ಮುರಿದು ನೋಡುತ್ತಿದ್ದರು. ಮಾತಾಡುತ್ತಿದ್ದರು, ನಗುತ್ತಲೂ ಇದ್ದರು. ಅದನ್ನು ನೋಡಿ ಮೃಣಾಲಳಿಗೆ ಖುಷಿಯಾಗುತ್ತಿತ್ತು, ಅಷ್ಟೇ ಭಯವೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಫಿಲ್ಟರನ್ನು ಅದು ತಾನಾಗಿ ಸಿಳ್ಳೆ ಹಾಕುವ ಅಂಚಿಗೆ ಒಯ್ದು, ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಕಾಕಾ ಕೈ ಎತ್ತಿದರು.

"ಮುಟ್ಟಬ್ಯಾಡ. ಇದ. ಇದ ನೋಡವ್ವ." ಅವರ ಕಣ್ಣು ತುಂಬಿ ಬಂತು.

ಮೃಣಾಲ ವೈರು ಬದಲಿಸಿ, ಅದೇ ಸದ್ದನ್ನು ಉಲ್ಟಾ ಮಾಡಿ ಹೆಡ್‌ಫೋನನ್ನು ಅವರ ಕಿವಿಗಿಟ್ಟಳು. ಕಾಕಾ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಈಗ ಎರಡು ಡ್ರಮ್ ಆದ್ವು," ಎಂದರು, ತಪ್ಪು ತಮ್ಮದೇ ಎನ್ನುವ ದನಿಯಲ್ಲಿ.

"ತಡೀರಿ ಕಾಕಾ, ಇನ್ನೊಮ್ಮೆ." ಇನ್ನೊಮ್ಮೆಯೂ ಎರಡೇ. ಎಷ್ಟು ಸಲ ತಿರುಗಿಸಿದರೂ ಎರಡೇ. ಇದು ಆಗುವುದಲ್ಲ ಎಂದು ಹೇಳಲು ಅವಳು ಬಾಯಿ ತೆರೆದಾಗ ಬಾಗಿಲಲ್ಲಿ ಕಮಲಾಬಾಯಿ ನಿಂತಿದ್ದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ. ಗಂಡ ಇನ್ನೂ ಬರಲಿಲ್ಲವೆಂದು ಡಬ್ಬಿ ಕಟ್ಟಿಕೊಂಡು ತಾವೇ ಬಂದಿದ್ದರು.

"ಸಿಕ್ಕತು ಕಮಲಾ! ಕೇಳಬಾ," ಎಂದರು ಕಾಕಾ, ಹಬ್ಬಕ್ಕೆ ಕರೆದ ಹಾಗೆ.

ಮೃಣಾಲ ಸ್ಪೀಕರ್ ಹಚ್ಚಿದಳು. ಕಮಲಾಬಾಯಿ ಮೊದಲು ನಕ್ಕರು, ಆಮೇಲೆ ಹುಬ್ಬು ಗಂಟಿಕ್ಕಿದರು, ಕೊನೆಗೆ ಡಬ್ಬಿ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡರು. "ಬಂದ್ ಮಾಡ! ಬಂದ್ ಮಾಡವ್ವ, ತಲಿ ಒಡಿಯೂಕ ಹತ್ತೇತಿ!"

ಅವಳು ಬಂದ್ ಮಾಡಿದಳು. ಕೋಣೆ ಶಾಂತವಾಯಿತು.

"ಇದು ದಿನಾಲೂ ಏನ್ರಿ? ರಾತ್ರಿನೂ?" ಕಾಕಾ ತಲೆಯಾಡಿಸಿದರು. ಕಮಲಾಬಾಯಿ ಗಂಡನ ಪಕ್ಕದಲ್ಲಿ ಕೂತರು. "ನಾ ಮೌನ ಹಿಡದಾರ ಅಂತ ಊರ ತುಂಬ ಹೇಳೇನಿ. ಮಂದಿ ಕಡಿಂದ ಕಾಲ ಬೀಳಸೇನಿ." ಕಣ್ಣೊರೆಸಿಕೊಂಡು ಮೃಣಾಲಳ ಕೈ ಹಿಡಿದರು. "ಇದನ್ನ ಈಗ ಹೆಂಗ ಬಂದ್ ಮಾಡಿದೆಲ್ಲ, ಹಂಗ ಅವರದೂ ಬಂದ್ ಮಾಡವ್ವ."

ಮೃಣಾಲ ಆಗಲೇ ಆರಿಸಿದ್ದ ಸ್ವಿಚ್ಚನ್ನೇ ಮತ್ತೊಮ್ಮೆ ಒತ್ತಿದಳು. ಕಾಕಾ ಅವಳ ಮುಖ ನೋಡಿದರು.

"ಮಾಡ್ಯಾಳ ತಗೋ. ನಿಂತೈತಿ," ಎಂದರು. "ಡಬ್ಬಿ ತಗಿ, ಹೊತ್ತ ಮುಳುಗತೈತಿ."

ಕಮಲಾಬಾಯಿ ಕೈ ಮುಗಿದರು, ದೇವರಿಗೋ ಪೆಟ್ಟಿಗೆಗೋ. ಡಬ್ಬಿ ಬಿಚ್ಚಿ ಭಕ್ಕರಿ, ಹೆಸರುಕಾಳಿನ ಪಲ್ಯ ಕೊಟ್ಟರು. ಆಮೇಲೆ ನೀರು ತರಲೆಂದು ಗಂಡನ ಬೆನ್ನ ಹಿಂದೆ ಹೋದವರು ಅಲ್ಲೇ ನಿಂತು ಮೆಲ್ಲಗೆ ಕೇಳಿದರು, "ಖರೇನ ನಿಂತೈತೇನ್ರಿ?"

ಕಾಕಾರಿಗೆ ಅದು ಕೇಳಿಸಲೇ ಇಲ್ಲ. ತಲೆ ತಗ್ಗಿಸಿ ಭಕ್ಕರಿ ಮುರಿಯುತ್ತಲೇ ಇದ್ದರು.

ಕಮಲಾಬಾಯಿ ತಂಬಿಗೆ ಹಿಡಿದುಕೊಂಡು ಮೃಣಾಲಳನ್ನು ನೋಡುತ್ತ ನಿಂತರು.