ಕೇಳಿಸ್ತಾ?

ಆ ತಿಂಗಳಲ್ಲಿ ಅಕ್ಕನ ಫೋನು ಒಂಬತ್ತನೇ ಸಲ ಬಂದಾಗ ನಾನು ಒಂದು ಆಂಪ್ಲಿಫೈಯರಿನ ಹೊಟ್ಟೆ ಬಗೆದು ಕೂತಿದ್ದೆ. ಫೋನನ್ನು ಬೆಂಚಿನ ಮೇಲಿಟ್ಟು, ಅವಳ ದನಿಯನ್ನು ಕೋಣೆಗೇ ಬಿಟ್ಟು, ಸ್ಕ್ರೂ ತಿರುಗಿಸುತ್ತ ನಡುನಡುವೆ 'ಹೂಂ' ಅನ್ನುತ್ತಿದ್ದೆ. ಅವಳ ಜೊತೆ ಮಾತಾಡುವುದಕ್ಕೆ ಅಷ್ಟು ಸಾಕು.

"ಏಳನೇ ಕೋಣೇಲಿ ಮತ್ತೆ ಸದ್ದಿಲ್ಲ. ಹನ್ನೊಂದರಲ್ಲೂ ಇಲ್ಲ. ನೀನು ಅದೇನು ರಿಪೇರಿ ಮಾಡ್ತೀಯೋ ನನಗಂತೂ ಗೊತ್ತಿಲ್ಲ. ಮುಂದಿನ ಗುರುವಾರ ಕಟ್ಟಡದ ಸುರಕ್ಷತೆ ನೋಡೋ ಆಫೀಸರ್ ಬರ್ತಿದಾರೆ. ಕೇಳಿಸ್ತಾ?"

"ಹೂಂ."

ಅಕ್ಕ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲಿ ಹೆಡ್ ಮೇಡಂ. ಮೂರು ಅಂತಸ್ತು, ಇಪ್ಪತ್ನಾಲ್ಕು ಕೋಣೆ, ಕೋಣೆಗೊಂದು ಸ್ಪೀಕರ್. ಅವನ್ನೆಲ್ಲ ಹಾಕಿದ್ದು ನಾನೇ. ಶಾಲೆಗಳಿಗೆ ಮೈಕು, ಸ್ಪೀಕರು, ಗಂಟೆ ಜೋಡಿಸುವುದು ನನ್ನ ಕಸುಬು. ಬೇರೆ ಶಾಲೆಗಳಲ್ಲಿ ಒಮ್ಮೆ ಹಾಕಿ ಬಂದರೆ ಎರಡು ವರ್ಷ ಯಾರೂ ನನ್ನನ್ನು ನೆನೆಸಿಕೊಳ್ಳುವುದಿಲ್ಲ. ಅಕ್ಕನ ಶಾಲೆಯಿಂದ ಮಾತ್ರ ನನ್ನ ಏಣಿಗೆ ಬಿಡುವೇ ಇರಲಿಲ್ಲ.

ಈ ಸಲದ ವಿಷಯ ಮಾತ್ರ ತಮಾಷೆಯದಲ್ಲ. ಆಫೀಸರ್ ಬಂದಾಗ ಮೈಕಿನಲ್ಲಿ ಕರೆದ ನಾಲ್ಕು ನಿಮಿಷದೊಳಗೆ ಎಲ್ಲ ಮಕ್ಕಳೂ ಅಂಗಳದಲ್ಲಿ ಇರಬೇಕು. ಇಲ್ಲದಿದ್ದರೆ ಮೂರನೇ ಅಂತಸ್ತಿಗೆ ಬೀಗ. ಅಲ್ಲಿನ ಎಂಟು ತರಗತಿ ಸಂಜೆ ಪಾಳಿಗೆ ಹೋಗಬೇಕು. ದೂರದಿಂದ ನಡೆದು ಬರುವ ಮಕ್ಕಳು ಸಂಜೆ ಪಾಳಿ ಅಂದರೆ ಶಾಲೆಯನ್ನೇ ಬಿಡುತ್ತಾರೆ ಎಂದು ಅಕ್ಕನಿಗೆ ಗೊತ್ತು. ಆ ಅಂತಸ್ತು ಕಟ್ಟಿಸಲು ಅವಳು ಆರು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದಳು.

ಹಿಂದಿನ ಎಂಟು ಸಲವೂ ನಡೆದದ್ದು ಒಂದೇ. ನಾನು ಏಣಿ ಹೊತ್ತು ಮುಂಬಾಗಿಲಿನಿಂದ ಬರುವುದು, ಅಟೆಂಡರ್ "ಬನ್ನಿ ಸಾರ್" ಎಂದು ಹಲ್ಲು ಕಿರಿದು ನನಗಿಂತ ಮುಂಚೆ ಮೆಟ್ಟಿಲು ಹತ್ತುವುದು, ನಾನು ಹೋಗಿ ನೋಡಿದರೆ ಸ್ಪೀಕರ್ ಗಿಣಿಯ ಹಾಗೆ ಮಾತಾಡುವುದು. ಒಂಬತ್ತನೇ ಸಲ ನನಗೂ ತಲೆ ಕೆಟ್ಟಿತು. ಏಣಿಯನ್ನು ಮನೆಯಲ್ಲೇ ಬಿಟ್ಟು, ಹಿಂದಿನ ಮೆಟ್ಟಿಲಿನಿಂದ ಹತ್ತಿ, ಏಳನೇ ಕೋಣೆಗೆ ನುಗ್ಗಿ, ಬೆಂಚಿನ ಮೇಲೆ ನಿಂತು ಸ್ಪೀಕರಿನ ಡಬ್ಬಿ ಬಿಚ್ಚಿದೆ.

ಒಳಗೆ ಕಪ್ಪು ಹಲಗೆ ಒರೆಸುವ ಬಟ್ಟೆ. ಒಂದಲ್ಲ, ಮೂರು. ಅಟೆಂಡರ್ ಪ್ರತಿ ಸಲವೂ ನನಗಿಂತ ಮುಂಚೆ ಯಾಕೆ ಮೇಲಕ್ಕೆ ಓಡುತ್ತಿದ್ದನೆಂದು ಆಗ ಹೊಳೆಯಿತು.

ಆಮೇಲೆ ಒಂದೊಂದೇ ಕೋಣೆ ಬಿಚ್ಚುತ್ತ ಹೋದೆ. ಗಣಿತದ ಮೇಷ್ಟ್ರು ಒಂದು ಉಣ್ಣೆಯ ಮಫ್ಲರನ್ನೇ ಮಡಿಸಿ ತುರುಕಿದ್ದರು. ಚಿತ್ರಕಲೆಯ ಕೋಣೆಯಲ್ಲಿ ಸ್ಪೀಕರಿನ ಮುಖಕ್ಕೆ ದಪ್ಪ ರಟ್ಟು ಅಂಟಿಸಿ ಅದರ ಮೇಲೆ ನಗುತ್ತಿರುವ ಸೂರ್ಯನನ್ನು ಬರೆದಿದ್ದರು. ವಿಜ್ಞಾನದ ಟೀಚರ್ ವೈರನ್ನು ಕತ್ತರಿಸಿ, ಬೇಕಾದಾಗ ಸಿಕ್ಕಿಸಲು ಸಣ್ಣ ಕೊಕ್ಕೆ ಮಾಡಿಟ್ಟಿದ್ದರು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೇ ಹೊಟ್ಟೆಕಿಚ್ಚಾಯಿತು.

"ಇದೇನ್ರೀ ಇದು?" ಎಂದೆ, ಸ್ಟಾಫ್ ರೂಮಿನ ನಡುವೆ ಬಟ್ಟೆಯ ಮೂಟೆ ಹಿಡಿದು.

ಎಲ್ಲರೂ ಅವರವರ ಲೋಟದೊಳಗೆ ನೋಡಿದರು. ಕೊನೆಗೆ ಗಣಿತದ ಮೇಷ್ಟ್ರೇ ಬಾಯಿ ಬಿಟ್ಟರು. "ನೀವು ಅವರ ತಮ್ಮ. ಒಂದು ದಿನ ಇಲ್ಲಿ ಕೂತು ಕೇಳಿ ನೋಡಿ, ಆಮೇಲೆ ಬೈಯಿರಿ."

ಕೂತೆ. ಊಟದ ಹೊತ್ತಿಗೆ ಹತ್ತೊಂಬತ್ತು ಪ್ರಕಟಣೆ ಆಗಿತ್ತು. ನೀಲಿ ಮುಚ್ಚಳವೊಂದು ಮೆಟ್ಟಿಲ ಮೇಲೆ ಸಿಕ್ಕಿದೆ, ಯಾರದು? ಮುಚ್ಚಳ ನೀಲಿಯಲ್ಲ, ಸರಿಯಾಗಿ ನೋಡಿದರೆ ಹಸಿರು. ಯಾರೋ ಮೊಗಸಾಲೆಯಲ್ಲಿ ಓಡಿದರು, ಯಾರೆಂದು ನನಗೆ ಗೊತ್ತು. ಹಸಿರು ಮುಚ್ಚಳದವರು ಇನ್ನೂ ಬಂದಿಲ್ಲ. ನಲ್ಲಿ ಸರಿಯಾಗಿ ನಿಲ್ಲಿಸಿ. ಪ್ರತಿಯೊಂದರ ಕೊನೆಗೂ ತಪ್ಪದೆ, "ಕೇಳಿಸ್ತಾ?"

ಯಾರು ಉತ್ತರ ಕೊಡಬೇಕು? ಗೋಡೆಯ ಮೇಲಿನ ಡಬ್ಬಿಗೆ ಬಾಯಿ ಮಾತ್ರ ಉಂಟು, ಕಿವಿ ಇಲ್ಲ. ನನಗೆ ಹನ್ನೆರಡನೆಯದಕ್ಕೇ ತಲೆ ಚಿಟ್ಟು ಹಿಡಿದಿತ್ತು. ಮಫ್ಲರ್ ತುರುಕಿದವರ ಮೇಲೆ ಇದ್ದ ಸಿಟ್ಟು ಅರ್ಧ ಇಳಿಯಿತು.

"ಅವರಿಗೆ ಯಾರಾದ್ರೂ ಹೇಳಬಾರದಾ?" ಎಂದೆ.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಸಾರ್?" ಎಂದರು ವಿಜ್ಞಾನದ ಟೀಚರ್. ಎಲ್ಲರೂ ನನ್ನನ್ನೇ ನೋಡಿದರು.

ನಾನು ಕಟ್ಟಲಿಲ್ಲ. ನಲವತ್ತೆಂಟು ವರ್ಷದಿಂದ ಅವಳ ತಮ್ಮನಾಗಿದ್ದೇನೆ, ನನಗೂ ಜೀವದ ಮೇಲೆ ಆಸೆ ಇದೆ. ಎರಡು ದಿನ ಕೂತು ಮಿಕ್ಕ ಬಟ್ಟೆಗಳನ್ನೂ ಕಿತ್ತೆ, ರಟ್ಟು ಹರಿದೆ, ಕೊಕ್ಕೆ ಬಿಚ್ಚಿ ವೈರಿಗೆ ಬೆಸುಗೆ ಹಾಕಿದೆ. ಸದ್ದು ಕಡಿಮೆ ಮಾಡುವ ತಿರುಪುಗಳನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಅಕ್ಕ ಕೇಳಿದಾಗ "ವೈರ್ ಹಳೇದಾಗಿತ್ತು" ಎಂದು ಸುಳ್ಳು ಹೇಳಿದೆ.

ಗುರುವಾರ ಆಫೀಸರ್ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಸ್ಟಾಪ್‌ವಾಚ್, ಮುಖದಲ್ಲಿ ಬೆಳಗಿನಿಂದ ಇದು ಮೂರನೇ ಶಾಲೆ ಎಂಬ ಭಾವ. ಅವರೂ ನಾನೂ ಮೂರನೇ ಅಂತಸ್ತಿನ ಮೊಗಸಾಲೆಯಲ್ಲಿ ನಿಂತೆವು. ಎಂಟು ಕೋಣೆಯಿಂದಲೂ ಅಕ್ಕನ ದನಿ ಒಟ್ಟಿಗೆ ಹೊರಟಿತು, ಗಾಜಿನಷ್ಟು ಸ್ಪಷ್ಟ.

"ಎಲ್ಲರೂ ಗಮನವಿಟ್ಟು ಕೇಳಿ. ನಾನು ಹೆಡ್ ಮೇಡಂ ಮಾತಾಡ್ತಿರೋದು. ಈಗ ಎಲ್ಲ ತರಗತಿಯವರೂ ಪುಸ್ತಕ ಅಲ್ಲೇ ಬಿಟ್ಟು, ತಳ್ಳಾಡದೆ, ಸಾಲಾಗಿ ಅಂಗಳಕ್ಕೆ ಬನ್ನಿ. ಕೇಳಿಸ್ತಾ?"

ಯಾರೂ ಏಳಲಿಲ್ಲ.

ಕಿಟಕಿಯಿಂದ ಇಣುಕಿದೆ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಭಾಗಾಕಾರ ಮಾಡುತ್ತಲೇ ಇದ್ದರು. ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಂದು ಹುಡುಗಿ ತಲೆ ಎತ್ತಿ ಸ್ಪೀಕರನ್ನು ನೋಡಿ, ಆಕಳಿಸಿ, ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಆಫೀಸರ್ ಬರುವ ದಿನ ಎಂದು ಎಲ್ಲರಿಗೂ ಗೊತ್ತಿತ್ತು, ಕರೆ ಯಾವ ಹೊತ್ತಿಗೆ ಎಂದಷ್ಟೇ ಗೊತ್ತಿರಲಿಲ್ಲ; ಯಾರ ಕಿವಿಯಲ್ಲೂ ಹತ್ತಿ ಇರಲಿಲ್ಲ. ಸ್ಪೀಕರಿಗೆ ಬಟ್ಟೆ ತುರುಕುವುದಕ್ಕೆ ಎಷ್ಟೋ ಮುಂಚೆಯೇ ಅವರು ಆ ದನಿಯನ್ನು ಕೇಳುವುದು ಬಿಟ್ಟಿದ್ದರು. ನಾನು ಬೆಸುಗೆ ಹಾಕಿದ ವೈರು ಅಲ್ಲಿಗೆ ತಲುಪುತ್ತಿರಲಿಲ್ಲ.

ನಾಲ್ಕು ನಿಮಿಷ ಕಳೆಯಿತು. ಅಂಗಳದಲ್ಲಿ ಅಟೆಂಡರ್ ಒಬ್ಬನೇ ನಿಂತಿದ್ದ.

"ಸ್ಪೀಕರ್ ಚೆನ್ನಾಗಿವೆ," ಎಂದರು ಆಫೀಸರ್. "ಮುಂದಿನ ಗುರುವಾರ ಇನ್ನೊಂದು ಸಲ ಬರ್ತೀನಿ. ಆಗಲೂ ಹೀಗೇ ಆದ್ರೆ ಈ ಅಂತಸ್ತಿಗೆ ಬೀಗ ಹಾಕದೆ ನನಗೆ ಬೇರೆ ದಾರಿ ಇಲ್ಲ."

ಕೆಳಗೆ ಕಚೇರಿಯಲ್ಲಿ ಅಕ್ಕ ಮೈಕಿನ ಮುಂದೆಯೇ ನಿಂತಿದ್ದಳು. "ಯಾಕೋ ಯಾರೂ ಬರಲಿಲ್ಲ? ಮತ್ತೆ ಕೆಟ್ಟಿತಾ?"

ನನಗೆ ಇನ್ನು ತಡೆಯಲಾಗಲಿಲ್ಲ. "ಸ್ಪೀಕರ್ ಕೆಟ್ಟಿಲ್ಲ ಅಕ್ಕ! ಬೆಳಗಿಂದ ಸಂಜೆವರೆಗೂ ನೀನು ಮಾತಾಡಿ ಮಾತಾಡಿ ಅವರ ಕಿವಿ ಕೆಟ್ಟಿದೆ. ನೋಡಿಲ್ಲಿ!" ಎಂದು ನನ್ನ ಸಾಮಾನಿನ ಚೀಲದಲ್ಲಿದ್ದ ಬಟ್ಟೆಯ ಮೂಟೆಯನ್ನು ಅವಳ ಮೇಜಿನ ಮೇಲೆ ಸುರಿದೆ. "ಇಪ್ಪತ್ನಾಲ್ಕು ಕೋಣೆಯಲ್ಲೂ ನಿನ್ನ ಬಾಯಿಗೆ ಬಟ್ಟೆ ತುರುಕಿದ್ರು. ಒಂದು ಮುಚ್ಚಳಕ್ಕೆ ಮೂರು ಪ್ರಕಟಣೆ ಮಾಡಿದ್ರೆ ಇನ್ನೇನು ಮಾಡ್ತಾರೆ?"

ಅಕ್ಕ ತಿರುಗಿ ಬೈಯುತ್ತಾಳೆಂದು ಮೈ ಬಿಗಿಹಿಡಿದು ನಿಂತೆ. ಅವಳು ಬೈಯಲಿಲ್ಲ. ಬಟ್ಟೆಗಳ ನಡುವಿನಿಂದ ಮಫ್ಲರನ್ನು ಎಳೆದು, ಸುಣ್ಣದ ಪುಡಿ ಕೊಡವಿ, ಮಡಿಸಿದಳು.

"ಇದು ನಾನು ಹೆಣೆದದ್ದು," ಎಂದಳು. "ಮೇಷ್ಟ್ರಿಗೆ ಗಂಟಲು ಕಟ್ಟಿದಾಗ ಕೊಟ್ಟಿದ್ದೆ."

ಆ ಮೂಟೆಯನ್ನು ಎಲ್ಲಾದರೂ ಸುಟ್ಟುಹಾಕಿ ಬರಬಾರದಿತ್ತೇ ಅನ್ನಿಸಿತು.

ಮಫ್ಲರನ್ನು ಮೇಜಿನ ಖಾನೆಯೊಳಗಿಟ್ಟು ಅವಳೇ ಮಾತಾಡಿದಳು. ಮೈಕಿನ ದನಿ ಅಲ್ಲ ಅದು, ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವವರ ದನಿ. "ನಾನೇನು ಮಾಡ್ಲಿ ಹೇಳು. ಇಲ್ಲಿಂದ ಹೇಳ್ತೀನಿ, ಆ ಕಡೆಯಿಂದ ಒಂದು ಹೂಂ ಅನ್ನೋದು ಬರಲ್ಲ. ತಲುಪಿತೋ ಇಲ್ವೋ ಗೊತ್ತಾಗಲ್ಲ. ಅದಕ್ಕೇ ಇನ್ನೊಂದು ಸಲ ಹೇಳ್ತೀನಿ. ಮನೇಲೂ ಅಷ್ಟೇ, ನಿಮ್ಮ ಭಾವ ಮೂವತ್ತು ವರ್ಷದಿಂದ ಪೇಪರ್ ಹಿಂದೆ ಇದಾರೆ. ನಿನಗೆ ಫೋನ್ ಮಾಡಿದ್ರೂ ಅಷ್ಟೇ."

"ನಾನು ಹೂಂ ಅಂತೀನಲ್ಲ?"

"ಅಂತೀಯ. ನಡುವೆ ಸ್ಕ್ರೂಡ್ರೈವರ್ ಕೆಳಗಿಡೋ ಸದ್ದೂ ಕೇಳುತ್ತೆ ನನಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಈಗ ನನ್ನದು. ಇಪ್ಪತ್ನಾಲ್ಕು ಕೋಣೆಯವರನ್ನು ಬೈದು ಬಂದಿದ್ದೆ. ಇಪ್ಪತ್ತೈದನೆಯದು ನನ್ನ ಬೆಂಚು. ನನಗೆ ನಾಚಿಕೆಯಾಯಿತು, ನಾಚಿಕೆಯಾಗಿದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

"ಒಂದು ವಾರ ಮೈಕ್ ಮುಟ್ಟಬೇಡ," ಎಂದೆ. "ಮಿಕ್ಕಿದ್ದು ನಾನು ನೋಡ್ಕೋತೀನಿ."

ನಾನು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಪ್ರತಿ ಕೋಣೆಯ ಬಾಗಿಲ ಪಕ್ಕ ದೀಪದ್ದೇ ಒಂದು ಸಾಧಾರಣ ಸ್ವಿಚ್ಚು, ಅಲ್ಲಿಂದ ಅಕ್ಕನ ಕಚೇರಿಗೆ ವೈರು, ಕಚೇರಿಯ ಗೋಡೆಯಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಇಪ್ಪತ್ನಾಲ್ಕು ಪುಟ್ಟ ಬಲ್ಬು. ಅಕ್ಕನ ಮಾತು ಕೇಳಿಸಿದರೆ ಆ ಕೋಣೆಯವರು ಸ್ವಿಚ್ ಹಾಕಬೇಕು, ಇಲ್ಲಿ ಅವರ ನಂಬರಿನ ದೀಪ ಹತ್ತುತ್ತದೆ. ಐದು ದಿನ ಗೋಡೆ ಕೊರೆದು ಕೊರೆದು ಹುಬ್ಬಿನವರೆಗೂ ಸುಣ್ಣವಾದೆ. ಇಷ್ಟು ಸಣ್ಣ ವಿಷಯ ಮೊದಲೇ ಹೊಳೆಯದ ನನ್ನ ತಲೆಗೆ ಆ ಐದು ದಿನವೂ ಮಂಗಳಾರತಿ ಮಾಡಿಕೊಂಡೆ.

ಅಕ್ಕ ಮಾತು ಉಳಿಸಿಕೊಂಡಳು. ಏನಿದ್ದರೂ ಚೀಟಿ ಬರೆದು ಅಟೆಂಡರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಮೂರನೇ ದಿನ ವಿಜ್ಞಾನದ ಟೀಚರ್ ಬಂದು ಮೆಲ್ಲಗೆ, "ಮೇಡಂಗೆ ಹುಷಾರಿಲ್ವಾ?" ಎಂದರು. ಗಣಿತದ ಮೇಷ್ಟ್ರು ಪಾಠದ ನಡುವೆ ಸ್ಪೀಕರ್ ಕಡೆ ನೋಡುವುದನ್ನು ನಾನೇ ಕಂಡೆ. ಆ ವಾರ ಅಕ್ಕನ ಫೋನೂ ಬರಲಿಲ್ಲ. ಎರಡು ಸಲ ನನ್ನ ಫೋನ್ ಸರಿಯಾಗಿದೆಯೇ ಎಂದು ಪರೀಕ್ಷಿಸಿದೆ. ಸರಿಯಾಗಿಯೇ ಇತ್ತು.

ಗುರುವಾರ ಆಫೀಸರ್ ಅಂಗಳದಲ್ಲಿ ನಿಂತರು. ನಾನು ಕಚೇರಿಯಲ್ಲಿ ಅಕ್ಕನ ಪಕ್ಕ ನಿಂತೆ. ಅವಳು ಮೈಕ್ ಹಾಕಿದಳು. 'ಟಕ್' ಎಂದು ಸದ್ದಾಯಿತು.

"ಎಲ್ಲರೂ ಅಂಗಳಕ್ಕೆ ಬನ್ನಿ. ಕೇಳಿಸ್ತಾ?"

ಅಷ್ಟೇ ಅಂದಳು. ಮೇಲೆ ಬೆಂಚುಗಳು ಸರಿದ ಸದ್ದಿಗೆ ಕಟ್ಟಡವೇ ಗುಡುಗಿತು. ಹಲಗೆಯ ಮೇಲೆ ನಾಲ್ಕು ಹತ್ತಿತು, ಒಂಬತ್ತು ಹತ್ತಿತು, ಆಮೇಲೆ ಎಣಿಸಲು ಆಗದ ಹಾಗೆ ಒಂದರ ಮೇಲೊಂದು. ಅಕ್ಕ ಬಾಯಿ ತೆರೆದು ನೋಡುತ್ತಿದ್ದಳು. ಅವಳ ಬಾಯಿ ತೆರೆದೂ ಮಾತು ಹೊರಡದೆ ಇದ್ದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಇಪ್ಪತ್ಮೂರು ದೀಪ. ಹದಿನೇಳು ಮಾತ್ರ ಕತ್ತಲು.

"ಹದಿನೇಳು, ಕೇಳಿಸ್ತಾ?" ಎಂದಳು. ಹತ್ತಲಿಲ್ಲ.

"ಅಕ್ಕ, ಬಲ್ಬ್ ಏನಾದ್ರೂ..." ಎನ್ನುವಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು. ಹದಿನೇಳು ಇರುವುದು ಮೂರನೇ ಅಂತಸ್ತಿನಲ್ಲಿ. ಅವಳ ಮಂಡಿಗೆ ಒಂದು ಅಂತಸ್ತೇ ಹೆಚ್ಚು. ಮಕ್ಕಳೆಲ್ಲ ಸಾಲಾಗಿ ಇಳಿಯುತ್ತಿದ್ದರೆ ಇವಳೊಬ್ಬಳು ಕಂಬಿ ಹಿಡಿದು ಏದುಸಿರು ಬಿಡುತ್ತ ಹತ್ತುತ್ತಿದ್ದಳು.

ನಾನು ಆ ಬಲ್ಬನ್ನು ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿದೆ. ಹತ್ತಿತು. ಹದಿನೇಳರವರು ಆಗಲೇ ಸ್ವಿಚ್ ಹಾಕಿ ಹೊರಟಿದ್ದರು. ಬಲ್ಬು ಬಿಗಿ ಮಾಡದೆ ಬಿಟ್ಟಿದ್ದು ನಾನು, ಇಪ್ಪತ್ತು ವರ್ಷದ ಅನುಭವದ ಮಹಾನುಭಾವ.

"ಮೂರು ನಿಮಿಷ ಹತ್ತು ಸೆಕೆಂಡ್!" ಎಂದು ಕಿಟಕಿಯಾಚೆಯಿಂದ ಆಫೀಸರ್ ಕೂಗಿದರು. "ಮಕ್ಕಳು, ಟೀಚರುಗಳು ಎಲ್ಲ ಬಂದಾಯ್ತು. ಬೀಗದ ಮಾತೇ ಇಲ್ಲ. ಹೆಡ್ ಮೇಡಂ ಎಲ್ಲಿ?"

ನಾನು ಮೈಕಿಗೆ ಬಗ್ಗಿದೆ. "ಅಕ್ಕಾ, ಹದಿನೇಳರವರು ಕೆಳಗಿದಾರೆ. ಎಲ್ಲರೂ ಬಂದಾಯ್ತು. ಅಂತಸ್ತು ಉಳೀತು. ನಿಧಾನಕ್ಕೆ ಇಳಿದು ಬಾ."

ಉತ್ತರವಿಲ್ಲ. ಹೇಗಿರುತ್ತದೆ? ಅವಳು ಹತ್ತಿದಳೋ, ನಡುವೆ ಎಲ್ಲಾದರೂ ಮಂಡಿ ಹಿಡಿದು ಕೂತಳೋ, ನನ್ನ ಮಾತು ಮುಟ್ಟಿತೋ ಇಲ್ಲವೋ. ಖಾಲಿ ಕಟ್ಟಡದಲ್ಲಿ ನನ್ನದೇ ದನಿ ಇಪ್ಪತ್ನಾಲ್ಕು ಕೋಣೆಯಿಂದ ತಿರುಗಿ ಬಂತು. ಮತ್ತೆ ಹೇಳಿದೆ. ಇನ್ನೊಂದು ಸಲವೂ ಹೇಳಿದೆ. ಆಮೇಲೆ, ಯಾರೂ ಹೇಳಿಕೊಡದೆ, ನನ್ನ ಬಾಯಿಂದಲೇ ಬಂತು.

"ಅಕ್ಕಾ, ಕೇಳಿಸ್ತಾ?"

ಅಂಗಳದಲ್ಲಿ ಮಕ್ಕಳು ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಹಲಗೆಯ ಮೇಲೆ ಕಣ್ಣಿಟ್ಟು ನಿಂತೆ.

ಹದಿನೇಳು ಆರಿತು. ಮತ್ತೆ ಹತ್ತಿತು.

ನಾನು ಅಂಗಳಕ್ಕೆ ಓಡಿದೆ. ಅಕ್ಕ ಇಳಿದು ಬಂದು ಉಸಿರು ತಿರುಗಿಸಿಕೊಂಡದ್ದೇ ಶುರು ಮಾಡಿದಳು. "ಒಂದು ಬಲ್ಬ್ ನೆಟ್ಟಗೆ ತಿರುಗಿಸೋಕೆ ಬರಲ್ವಾ ನಿನಗೆ? ನನ್ನ ಮಂಡಿ ಏನಾಗ್ಬೇಕು? ಇದೇನಾ ನೀನು ಕಲಿತ ಕೆಲಸ?" ಮೈಕಿಲ್ಲದೆಯೇ ಅಂಗಳದ ಅಷ್ಟೂ ಮಕ್ಕಳಿಗೂ ಕೇಳಿಸುವ ಹಾಗೆ ಬೈದಳು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಅವಳ ಮುಖ ನೋಡುತ್ತ, ಕೊನೆಯವರೆಗೂ ಕೇಳಿದೆ.