ಕೋಟೆ ಏರಿದ ಹಂಪಯ್ಯ

‘ಕಲ್ಲುಕೋಟೆ’ ವಿಡಿಯೋ ಗೇಮಿನ ಪ್ರತಿ ಭಾಗದಲ್ಲೂ ಹುಲುಗೇಶನ ಅಪ್ಪ ಹಂಪಯ್ಯ ಸಾಯುತ್ತಿದ್ದ.

ವರ್ಷಗಳ ಹಿಂದೆ ಮೊದಲ ಭಾಗ ಮಾಡುವಾಗ, ಬಳ್ಳಾರಿ ಕಂಟೋನ್ಮೆಂಟಿನಲ್ಲಿದ್ದ ಗೇಮ್ ಕಂಪನಿಯ ಸಣ್ಣ ಆಫೀಸಿನಲ್ಲಿ ಸಿಕ್ಕವರ ಮುಖವನ್ನೇ ಆಟಕ್ಕೆ ಅಂಟಿಸುವುದು ರೂಢಿ. ಕೋಟೆ ಏರಿ ಕಳ್ಳರನ್ನು ಕೊಲ್ಲುವ ನಾಯಕನಿಗೆ ಮಾಲೀಕ ಪ್ರಣವ ತನ್ನದೇ ಮುಖ ಇಟ್ಟ. ಕಳ್ಳರಿಗೆ ಯಾರದು ಎಂದಾಗ, ಶಾಲೆ ಬಿಟ್ಟು ಬಂದು ಅಲ್ಲಿ ಕೆಲಸ ಕಲಿಯುತ್ತಿದ್ದ ಹುಲುಗೇಶ, ಕರೂರಿನ ಗದ್ದೆಯಲ್ಲಿ ಕೂಲಿಗೆ ನಿಂತಿದ್ದ ಅಪ್ಪನ ಫೋಟೊ ಹೊಡೆದು ತಂದುಕೊಟ್ಟ. ಆಗ ಹೆಮ್ಮೆಯೆನಿಸಿತ್ತು. ಕೋಟೆ ತುಂಬ ಕಳ್ಳರು, ಎಲ್ಲರಿಗೂ ಹಂಪಯ್ಯನದೇ ಮುಖ. ಸಿರುಗುಪ್ಪದ ಗೇಮಿಂಗ್ ಸೆಂಟರಿನ ಹುಡುಗರು ‘ಹಂಪಯ್ಯ ಬಿದ್ದ’ ಎಂದು ಕೂಗುತ್ತಲೇ ಮೀಸೆ ಬೆಳೆಸಿದರು. ಹಂಪಯ್ಯ ಕರೂರಿನ ಬಸ್ ಹತ್ತಿದರೂ ಅದೇ ಕೂಗು. ಸತ್ತರೂ ಮತ್ತೆ ಎದ್ದು ಬರುತ್ತೇನಲ್ಲ ಎಂದು ಹಂಪಯ್ಯ ನಗುತ್ತಿದ್ದ. ಮಗನ ಮೈ ಉರಿಯುತ್ತಿತ್ತು.

ಈಗ ಇಡೀ ಆಟವನ್ನು ಬುಡದಿಂದ ಹೊಸದಾಗಿ ಕಟ್ಟುವುದೆಂದಾಯಿತು. ಕೆಲಸವೆಲ್ಲ ಹುಲುಗೇಶನ ಕೈಯಲ್ಲಿ. ಹೊಸ ಕತ್ತಿ, ಹೊಸ ಕುದುರೆ ಇರಲಿ, ಮುಖಗಳು ಮಾತ್ರ ಹಳೆಯವೇ ಇರಲಿ, ಆಡುವವರಿಗೆ ಗುರುತು ಸಿಗಬೇಕು ಎಂದ ಪ್ರಣವ.

ಹುಲುಗೇಶ ಲ್ಯಾಪ್‌ಟಾಪ್ ಮುಚ್ಚಿದ. “ನಮ್ಮಪ್ಪ ಇನ್ಮ್ಯಾಲೆ ಸಾಯಂಗಿಲ್ರಿ ಸರ್. ಕೋಟಿ ಏರಾಂವ ಅವನ. ಇಲ್ಲಾಂದ್ರ ಈ ಆಟಕ್ಕ ನಾನು ಕೈ ಹಚ್ಚಂಗಿಲ್ಲ.”

ಮುದುಕನನ್ನು ಹಿಡಿದು ಯಾರು ಆಡುತ್ತಾರೆ, ಬೇಕಿದ್ದರೆ ಒಂದು ಹಂತ ಮಾಡಿ ತೋರಿಸು ಎಂದು ಪ್ರಣವ ನಕ್ಕ.

ಹುಲುಗೇಶನಿಗೆ ಅಷ್ಟೇ ಸಾಕಾಗಿತ್ತು. ಅಪ್ಪನನ್ನು ಕುರುಗೋಡಿನ ಗುಡ್ಡ ಹತ್ತಿಸಿ ಫೋನಿನಲ್ಲಿ ಸೆರೆಹಿಡಿದ. ಬಂಡೆಗೆ ಅಂಗೈ ಊರುವುದು, ಜಾರಿದಾಗ ಬಯ್ಯುವುದು, ಎಲ್ಲವನ್ನೂ ನಾಯಕನಿಗೆ ತುಂಬಿದ. ಹಂತ ಸಿದ್ಧವಾದ ಮೇಲೆ ಪ್ರಣವನನ್ನು ಕಾರಿನಲ್ಲಿ ಕೂರಿಸಿಕೊಂಡು ಸಿರುಗುಪ್ಪದ ಸೆಂಟರಿಗೇ ಹೋದ.

ಸಮ್ರಾಟ್ ಎಂಬ ಹಳೆಯ ಆಟಗಾರ ಆಡಲು ಕುಳಿತ. ಪರದೆಯ ಮೇಲೆ ಹಂಪಯ್ಯ ತಲೆಗೆ ಟವೆಲ್ ಸುತ್ತಿಕೊಂಡು ಬಂಡೆ ಏರತೊಡಗಿದ. ಹುಡುಗರು ಕುರ್ಚಿಯ ಹಿಂದೆ ಬಂದು ಗುಂಪುಗಟ್ಟಿದರು. ತುದಿಯಲ್ಲಿ ಒಂದು ಕಾಲು ಜಾರಿತು.

“ಬೀಳಿಸಬ್ಯಾಡಲೇ,” ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. “ಹಂಪಯ್ಯ ಅದಾನ.”

ಸಮ್ರಾಟ್ ಬೀಳಿಸಲಿಲ್ಲ. ಹಂಪಯ್ಯ ಮೇಲೆ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಡುವ ಸರದಿಗಾಗಿ ಕುರ್ಚಿಯ ಸುತ್ತ ನೂಕಾಟ ಶುರುವಾಯಿತು.

ಬಳ್ಳಾರಿಗೆ ಮರಳುವಾಗ, ತೆಕ್ಕಲಕೋಟೆ ದಾಟಿದ ಮೇಲೆ, ಆಗಲಿ, ನಿಮ್ಮಪ್ಪನೇ ನಾಯಕ ಎಂದು ಪ್ರಣವ ಒಪ್ಪಿದ. ಹಾಗಾದರೆ ಕಳ್ಳರಿಗೆ ಯಾರ ಮುಖ ಹಾಕೋಣ ಎಂದೂ ಕೇಳಿದ.

ಹುಲುಗೇಶ ಕಾರನ್ನು ಬದಿಗೆ ನಿಲ್ಲಿಸಿ ಫೋನಿನ ಕ್ಯಾಮೆರಾ ತೆರೆದು ಪ್ರಣವನ ಮುಖಕ್ಕೆ ಹಿಡಿದ.

“ಸ್ವಲ್ಪ ಈ ಕಡಿ ನೋಡ್ರಿ ಸರ್.”